ಮೇಲೊಂದು ಕಣ್ಣು, ಕೆಳಗೊಂದು ಬಿಲ

ಪ್ರವಾಸ ಮಾಡಿಸುವವರು ಯಾವುದಕ್ಕೆ ಯಾವುದನ್ನು ಗಂಟು ಹಾಕುತ್ತಾರೆಂದು ಎಂದಾದರೂ ಯೋಚಿಸಿದ್ದೀರಾ? ನಮ್ಮ ಮೈಸೂರನ್ನೇ ತಗೊಳ್ಳಿ. ಬೆಳಿಗ್ಗೆ ಚಾಮುಂಡಿ, ಮಧ್ಯಾಹ್ನ ಅರಮನೆ, ಆಮೇಲೆ ಹುಲಿ ಕರಡಿ, ಕತ್ತಲಾದ ಮೇಲೆ ಬೃಂದಾವನದ ಕಾರಂಜಿ. ಇವಕ್ಕೆಲ್ಲ ಒಂದಕ್ಕೊಂದು ಏನು ಸಂಬಂಧ ಅಂದರೆ, ಒಂದೇ ಬಸ್ಸು. ಸೈಗಾನಿನ ಟಿಕೆಟ್ಟೂ ಇದೇ ಜಾತಿಯದು. ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಯುದ್ಧದ ಸುರಂಗ. ಊರಿಗೆ ಈಗ ಹೋ ಚಿ ಮಿನ್ ನಗರವೆಂದು ಹೆಸರು, ಜನರ ಬಾಯಲ್ಲಿ ಮಾತ್ರ ಸೈಗಾನೇ. ನನ್ನಂಥ ಬೆನ್ನುಚೀಲದವರು ಬಿಡಾರ ಹೂಡುವ ಫಾಮ್ ಙು ಲಾವ್ ಬೀದಿಯಲ್ಲಿ ಈ ಟಿಕೆಟ್ಟು ಮಾರದ ಅಂಗಡಿಯೇ ಇಲ್ಲವೇನೋ. ಬೆನ್ನುಚೀಲ ಅಂದೆನಲ್ಲ, ನನ್ನದರಲ್ಲಿ ಅರ್ಧ ಜಾಗ ಚಟ್ನಿಪುಡಿ ಮತ್ತು ಅವಲಕ್ಕಿಯದು.

ಬಸ್ಸು ಹೊರಟಕೂಡಲೇ ಗೈಡ್ ಹುಡುಗ ನನ್ನ ವಯಸ್ಸು ಕೇಳಿದ. ಅಧಿಕಪ್ರಸಂಗ ಅಂದುಕೊಂಡೆ. ಅದಲ್ಲವಂತೆ. ಅವರ ಭಾಷೆಯಲ್ಲಿ ಎದುರಿನವರ ವಯಸ್ಸು ತಿಳಿಯದೆ ಮಾತೇ ಹೊರಡುವುದಿಲ್ಲ. ಅಣ್ಣ ಅನ್ನಬೇಕೋ, ಚಿಕ್ಕಪ್ಪ ಅನ್ನಬೇಕೋ? ಐವತ್ತೆಂಟು ಅಂದೆ. ಅಂದಿನಿಂದ ಅಲ್ಲ, ಆ ಕ್ಷಣದಿಂದಲೇ ಚಿಕ್ಕಪ್ಪನಾದೆ. ಹಿಂದಿನ ಸೀಟಿನ ಜರ್ಮನ್ ಹುಡುಗಿಯೂ ಅದನ್ನೇ ಕಲಿತುಬಿಟ್ಟಳು.

ದೇವಸ್ಥಾನ ಇರುವುದು ತಾಯ್ ನಿನ್ಹ್‌ನಲ್ಲಿ, ಸೈಗಾನಿನಿಂದ ಸುಮಾರು 100 ಕಿಲೋಮೀಟರ್. ಆದರೆ ಮೊದಲು ದರ್ಶನವಾದದ್ದು ಒಂದು ಅರಗಿನ ಸಾಮಾನಿನ ಮಳಿಗೆಯದು. 'ಶೌಚಕ್ಕೆ ಹತ್ತು ನಿಮಿಷ' ಅಂತ ಇಳಿಸಿದರು. ಶೌಚಾಲಯ ಮಳಿಗೆಯ ಆ ತುದಿಯಲ್ಲಿತ್ತು. ನಲವತ್ತು ನಿಮಿಷವಾದ ಮೇಲೆ ಒಂದು ತಟ್ಟೆಯೊಂದಿಗೆ ಹೊರಬಂದೆ.

ಕಾವೋ ದಾಯ್ ಎಂಬ ಧರ್ಮದ ಹೆಸರು ಕೇಳಿದ್ದೀರಾ? 1926ರಲ್ಲಿ ಹುಟ್ಟಿದ್ದು, ನಮ್ಮ ಅಜ್ಜಂದಿರ ಓರಗೆಯದು. ಬುದ್ಧ, ಕನ್ಫ್ಯೂಷಿಯಸ್, ಲಾವೋತ್ಸೆ, ಯೇಸು, ಎಲ್ಲರಿಗೂ ಅದರಲ್ಲಿ ಜಾಗವುಂಟು. ಗುಡಿಯೊಳಗೆ ಗುಲಾಬಿ ಬಣ್ಣದ ಕಂಬಗಳಿಗೆ ಡ್ರ್ಯಾಗನ್ನುಗಳು ಸುತ್ತಿಕೊಂಡಿವೆ, ಚಾವಣಿಯೆಲ್ಲ ನೀಲಿ ಆಕಾಶ, ನಕ್ಷತ್ರ. ಎದುರಿಗೆ ದೊಡ್ಡ ಗೋಳ, ಅದರ ಮೇಲೊಂದು ಕಣ್ಣು. ಅದೂ ಎಡಗಣ್ಣು! ಗಂಡಸಿನ ಎಡಗಣ್ಣು ಅದುರಿದರೆ ಕೇಡು ಎಂದು ನಂಬಿದ ಮನೆಯಲ್ಲಿ ಬೆಳೆದ ನಾನು, ಅದು ಅದುರೀತೇ ಎಂದು ಬಹಳ ಹೊತ್ತು ನೋಡಿದೆ.

ಬಾಗಿಲ ಬಳಿಯ ಚಿತ್ರದಲ್ಲಿ ಮೂವರು ಸಂತರು. ಒಬ್ಬ ವಿಯೆಟ್ನಾಮಿನ ಕವಿ, ಇನ್ನೊಬ್ಬ ಮಸಿಕಲ್ಲು ಹಿಡಿದ ಚೀನಾದ ಸನ್ ಯಾತ್-ಸೆನ್, ಮೂರನೆಯವನು, ಊಹಿಸಿ ನೋಡೋಣ, ಫ್ರೆಂಚ್ ಕಾದಂಬರಿಕಾರ ವಿಕ್ಟರ್ ಹ್ಯೂಗೋ. ಈ ಧರ್ಮದವರು ಸತ್ತವರನ್ನು ಆವಾಹಿಸಿ ಮಾತಾಡಿಸುತ್ತಿದ್ದರು, ಹ್ಯೂಗೋ ಬಂದನಂತೆ. ನಗಬೇಡಿ. ಆತ ಗಡಿಪಾರಾಗಿ ಜರ್ಸಿ ದ್ವೀಪದಲ್ಲಿದ್ದಾಗ ತಾನೇ ಮೇಜು ಅಲುಗಿಸಿ ಸತ್ತವರನ್ನು ಕರೆಯುತ್ತಿದ್ದವನು. ತನ್ನ ಸರದಿ ಬಂದಾಗ ಓಗೊಡದಿದ್ದರೆ ಮರ್ಯಾದೆ ಇರುತ್ತಿತ್ತೇ?

ನಡುಹಗಲ ಪೂಜೆಯನ್ನು ಪ್ರವಾಸಿಗರು ಮೇಲಿನ ಮೊಗಸಾಲೆಯಿಂದ ನೋಡಬೇಕು. ಕೆಳಗೆ ಬಿಳಿ ಉಡುಪಿನ ಭಕ್ತರು ಸಾಲುಸಾಲಾಗಿ ಕೂತಿದ್ದರು, ನಡುವೆ ಹಳದಿ, ನೀಲಿ, ಕೆಂಪು ನಿಲುವಂಗಿಯ ಪುರೋಹಿತರು. ಒಬ್ಬರ ತಲೆಯೂ ಮೇಲೇಳಲಿಲ್ಲ. ನಮ್ಮ ಕ್ಯಾಮೆರಾಗಳೇ ನಾಚಬೇಕಿತ್ತು, ನಾಚಲಿಲ್ಲ.

ಊಟದ ಕಥೆ ಹೇಳಲೇಬೇಕು. ಈ ಮತದವರು ತಿಂಗಳಿಗೆ ಕನಿಷ್ಠ ಹತ್ತು ದಿನ ಸಸ್ಯಾಹಾರಿಗಳು, ಹಾಗಾಗಿ ಅಲ್ಲಿ ನನ್ನಂಥವನ ಹೊಟ್ಟೆಗೆ ಮೋಸವಿಲ್ಲ. ಸಸ್ಯಾಹಾರಕ್ಕೆ ಅವರ ಮಾತು 'ಚಾಯ್'. ಅದು ಗೊತ್ತಿಲ್ಲದೆ ಕೂತಕೂಡಲೇ 'ಒಂದು ಚಾಯ್' ಅಂದೆ. ಬಂದದ್ದು ಒಂದು ತಟ್ಟೆ ಅನ್ನ, ಹುರಿದ ತೋಫು, ಸೊಪ್ಪು. ಸಕ್ಕರೆ ಕಡಿಮೆ ಹಾಕಿ ಅಂತಲೂ ಹೇಳಿದ್ದೆ.

ಸುರಂಗಗಳಿರುವ ಕೂ ಚಿ ಕಡೆಗೆ ವಾಪಸು ಬರುವ ಹೆದ್ದಾರಿಯಲ್ಲಿ ಟ್ರಾಂಗ್ ಬಾಂಗ್ ಸಿಗುತ್ತದೆ. 1972ರ ಜೂನ್ 8ರಂದು ನೇಪಾಮ್ ಬೆಂಕಿಗೆ ಬಟ್ಟೆ ಸುಟ್ಟು, ಒಂಬತ್ತು ವರ್ಷದ ಕಿಮ್ ಫುಕ್ ಕೈಚಾಚಿ ಅಳುತ್ತ ಓಡಿಬಂದದ್ದು ಈ ರಸ್ತೆಯಲ್ಲೇ. ಆ ಫೋಟೋ ನೀವೂ ನೋಡಿದ್ದೀರಿ. ಅವರ ಮನೆಯವರು ಅಡಗಿಕೊಂಡಿದ್ದದ್ದು ಆ ಊರಿನ ಕಾವೋ ದಾಯ್ ಗುಡಿಯಲ್ಲಿ. ಮೇಲೆ ಅದೇ ಕಣ್ಣು ಇತ್ತು. ಬಸ್ಸು ಅಲ್ಲಿ ನಿಲ್ಲಲಿಲ್ಲ, ನಾನೂ ಸ್ವಲ್ಪ ಹೊತ್ತು ಯಾರ ಚಿಕ್ಕಪ್ಪನೂ ಆಗಲಿಲ್ಲ.

ಸುರಂಗಕ್ಕೆ ಬರೋಣ. ವಿಯೆಟ್ನಾಮಿನ ಹೋರಾಟಗಾರರು ಫ್ರೆಂಚರ ಕಾಲದಲ್ಲಿ, 1940ರ ದಶಕದಲ್ಲಿ ತೋಡಲು ಶುರುಮಾಡಿ, ಅಮೆರಿಕನ್ನರು ಬಂದ ಮೇಲೆ ಹಿಗ್ಗಿಸಿ, 200 ಕಿಲೋಮೀಟರ್ ದಾಟಿಸಿದ ಬಿಲಗಳಿವು. ಮೂರು ಅಂತಸ್ತು. ಒಳಗೇ ಆಸ್ಪತ್ರೆ, ಅಡುಗೆಮನೆ, ಸಭೆಯ ಕೋಣೆ. ಗಾಳಿಕಂಡಿಗಳಿಗೆ ಹುತ್ತದ ವೇಷ. ಮೇಲೆ 1966ರಲ್ಲಿ ಅಮೆರಿಕದ 25ನೇ ಡಿವಿಜನ್ ತನ್ನ ದೊಡ್ಡ ಶಿಬಿರ ಹೂಡಿತು, ಬಿಲಗಳ ನೆತ್ತಿಯ ಮೇಲೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಲೆ. ಹೊಗೆ ಕಂಡರೆ ವಿಮಾನ ಬರುತ್ತದೆ. ಅದಕ್ಕೇ ಹೊಗೆಯನ್ನು ಮಣ್ಣಿನ ಕಾಲುವೆಗಳಲ್ಲಿ ದೂರ ಹರಿಸಿ, ತಣಿಸಿ, ಮಂಜಿನ ಹಾಗೆ ನೆಲಮಟ್ಟದಲ್ಲಿ ಬಿಡುತ್ತಿದ್ದರು. ಹೋಆಂಗ್ ಕಾಮ್ ಎಂಬ ಸೈನ್ಯದ ಅಡುಗೆಯವನು ಕಂಡುಹಿಡಿದದ್ದು, ಅವನ ಹೆಸರೇ ಒಲೆಗೂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಹಳ್ಳಿಯ ಹೆಂಗಸರ ಕಣ್ಣುರಿ ತಪ್ಪಿಸಲು ಒಲೆ ಮಾಡಿ 'ಅಸ್ತ್ರ' ಎಂದು ಹೆಸರಿಟ್ಟರು. ಅಲ್ಲಿ ಒಲೆಯೇ ಅಸ್ತ್ರವಾಗಿತ್ತು. ಇಂಥ ಅಡುಗೆಯವನಿಗೆ ಒಂದು ಪ್ರತಿಮೆ ನಿಲ್ಲಿಸಿದರೆ ಮೊದಲ ಹಾರ ನನ್ನದು.

ಪ್ರವಾಸಿಗರಿಗಾಗಿ ಒಂದು ತುಂಡು ಸುರಂಗವನ್ನು ಅಗಲ ಮಾಡಿದ್ದಾರೆ. 'ಅಗಲ' ಎಂಬುದು ಗೈಡನ ಮಾತು. ಹತ್ತು ಮೀಟರ್ ಮಂಡಿಯೂರಿ ಹೋಗುವಷ್ಟರಲ್ಲಿ ತೋಫು ತನ್ನ ಇರವನ್ನು ತಿಳಿಸತೊಡಗಿತು. ಮುಂದೆ ಕತ್ತಲೆ, ಹಿಂದೆ ಜರ್ಮನ್ ಹುಡುಗಿ. 'ಚಿಕ್ಕಪ್ಪ, ನಡೀರಿ!' ನಡೆಯುವುದೆಲ್ಲಿ ಬಂತು?

ಹೊರಗೆ ಬಂದವರಿಗೆ ಬೇಯಿಸಿದ ಮರಗೆಣಸು, ನಂಜಿಕೊಳ್ಳಲು ಶೇಂಗಾ ಎಳ್ಳಿನ ಪುಡಿ. ಒಳಗಿದ್ದವರ ಊಟ ಅದೇ ಆಗಿತ್ತಂತೆ. ಅಪ್ಪಟ ಮಲೆನಾಡಿನ ರುಚಿ. ತಿನ್ನುತ್ತಿದ್ದಾಗ ಪಕ್ಕದಲ್ಲೇ ಢಂ ಢಂ. ದುಡ್ಡು ಕೊಟ್ಟರೆ ನಿಜವಾದ ಬಂದೂಕು ಹಾರಿಸಬಹುದು, ಗುಂಡಿಗಿಷ್ಟು ಅಂತ ದರ. ಬೇಡವೆಂದೆ.

ಬದಲಿಗೆ ಅಂದಿನ ಹೋರಾಟಗಾರರು ಮೆಟ್ಟುತ್ತಿದ್ದಂಥ, ಹಳೇ ಟೈರು ಕತ್ತರಿಸಿ ಮಾಡಿದ ಚಪ್ಪಲಿ ಕೊಂಡೆ. ಸವೆಯುವ ಲಕ್ಷಣವಿಲ್ಲ, ಕಾಲಿಗೆ ಒಗ್ಗುವ ಲಕ್ಷಣವೂ ಇಲ್ಲ. ಅಳತೆ ಒಂಬತ್ತು. ಬೇಕಾದವರು ಮನೆಗೆ ಬಂದು ಒಯ್ಯಬಹುದು, ತಟ್ಟೆಯನ್ನೂ ಜೊತೆಗೆ ಕೊಡುತ್ತೇನೆ.