ರೇಷ್ಮೆ ಎಳೆಯಷ್ಟು ಪ್ಲಾಟಿನಂ

ಮಾಗಡಿಯಿಂದ ಮಂಚನಬೆಲೆ ಹಾದಿ ಹಿಡಿದು ರಾಮನಗರಕ್ಕೆ ಬಂದರೆ ಕಣ್ಣು ಹಾಯಿಸಿದಲ್ಲೆಲ್ಲ ಬಂಡೆ. ಭೂವಿಜ್ಞಾನಿಗಳು ಇದಕ್ಕೆ ಊರಿನ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. ದೂರಕ್ಕೆ ಒಂದೇ ಬಣ್ಣದ ಬೋಳುಗುಡ್ಡ. ಬಗ್ಗಿ ನೋಡಿದರೆ ನಸುಗೆಂಪು ಹರಳು, ಪಕ್ಕದಲ್ಲೇ ಬೆಣಚು, ನಡುನಡುವೆ ಕರಿ ಅಭ್ರಕದ ಚುಕ್ಕೆ. ಅಂಗೈ ಅಗಲದಲ್ಲಿ ಇಷ್ಟೊಂದು ಬಗೆ!

ಪೇಟೆಯ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬೆಳ್ಳನೆಯ ದ್ವಿತಳಿ ಗೂಡು, ಹಳದಿ ಮಿಶ್ರತಳಿ ಗೂಡು ರಾಶಿ ಬಿದ್ದಿರುತ್ತವೆ. ಬಿಸಿನೀರಿನಲ್ಲಿ ಬೇಯಿಸಿದ ಒಂದು ಒಳ್ಳೆಯ ದ್ವಿತಳಿ ಗೂಡಿನಿಂದ ಕಿಲೋಮೀಟರಿನಷ್ಟು ಎಳೆ ಬಿಚ್ಚಿಕೊಳ್ಳುತ್ತದೆ. ಎಳೆಯ ದಪ್ಪ 20 ಮೈಕ್ರಾನ್ ಆಸುಪಾಸು. ಈ ಅಳತೆಯನ್ನು ನೆನಪಿಟ್ಟುಕೊಂಡೇ ಮುಂದೆ ಹೋಗಬೇಕು.

ಚನ್ನಪಟ್ಟಣದಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿ ಹಿಡಿದು ತೀಡಿದರೆ ಹೊಳಪು. ಕಣ್ಣಿಗೆ ಒಂದು ಕುಂದೂ ಕಾಣದು.

ಕನಕಪುರ ರಸ್ತೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ನ್ಯಾನೊ ಮತ್ತು ವಸ್ತುವಿಜ್ಞಾನ ಕೇಂದ್ರವಿದೆ. ವಿದ್ಯುತ್ ರಸಾಯನವೂ ಅಲ್ಲಿನ ಸಂಶೋಧನೆಯ ವಿಷಯ. ಈ ವಿದ್ಯೆಯಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಸೂಕ್ಷ್ಮ ಎಲೆಕ್ಟ್ರೋಡ್. 25 ಮೈಕ್ರಾನ್ ದಪ್ಪದ ಪ್ಲಾಟಿನಂ ತಂತಿ, ಅಂದರೆ ಹೆಚ್ಚುಕಡಿಮೆ ಆ ರೇಷ್ಮೆ ಎಳೆಯಷ್ಟೇ. ಅದನ್ನು ಗಾಜಿನ ನಳಿಗೆಯೊಳಗಿಟ್ಟು, ಕಾಯಿಸಿ ಬೆಸೆದು, ತುದಿಯನ್ನು ನಯವಾಗಿ ಉಜ್ಜುತ್ತಾರೆ. ಗಾಜಿನ ನಡುವೆ ಲೋಹದ ಒಂದು ಪುಟ್ಟ ಬಿಲ್ಲೆ ಮಾತ್ರ ಹೊರಗೆ ಕಾಣುತ್ತದೆ.

ಇದನ್ನು ಫೆರೊಸೀನ್‌ನಂಥ ಅಣುಗಳಿರುವ ದ್ರಾವಣದಲ್ಲಿ ಅದ್ದಿ ತಕ್ಕಷ್ಟು ವೋಲ್ಟೇಜು ಕೊಟ್ಟರೆ ಅಣುಗಳು ಸುತ್ತಲಿನಿಂದಲೂ ಬಿಲ್ಲೆಯತ್ತ ಬಂದು ಎಲೆಕ್ಟ್ರಾನ್ ಕೊಡುತ್ತವೆ. ಹರಿಯುವ ವಿದ್ಯುತ್ತು ಕೆಲವೇ ನ್ಯಾನೊಆಂಪಿಯರ್. ಒಂದು ಆಂಪಿಯರಿನ ನೂರು ಕೋಟಿ ಪಾಲಿನಲ್ಲಿ ಮೂರೋ ನಾಲ್ಕೋ ಪಾಲು. ಈಗ ತುದಿಯನ್ನು ಒಂದು ಮೇಲ್ಮೈಗೆ ತಾಗೀತೋ ತಾಗದೋ ಎನ್ನುವಷ್ಟು ಹತ್ತಿರ ಇಳಿಸಬೇಕು. ಕೆಳಗೆ ಲೋಹವಿದ್ದರೆ, ಎಲೆಕ್ಟ್ರಾನ್ ಕಳೆದುಕೊಂಡ ಅಣು ಅಲ್ಲಿ ಅದನ್ನು ಮರಳಿ ಪಡೆದು ತುದಿಗೆ ಹಿಂತಿರುಗುತ್ತದೆ, ವಿದ್ಯುತ್ತು ಏರುತ್ತದೆ. ಅರಗಿನಂಥ ನಿರೋಧಕವಿದ್ದರೆ ಅಣುಗಳು ಬರುವ ದಾರಿಯೇ ಕಟ್ಟುತ್ತದೆ, ವಿದ್ಯುತ್ತು ಇಳಿಯುತ್ತದೆ. ಹೀಗೆ ಏರಿಳಿತವನ್ನು ಬರೆದುಕೊಳ್ಳುತ್ತ ಚುಕ್ಕೆಯಿಂದ ಚುಕ್ಕೆಗೆ ಸರಿದರೆ ಆ ಮೇಲ್ಮೈಯ ನಕ್ಷೆ ಸಿದ್ಧ. ಲೋಹಕ್ಕೆ ಬಳಿದ ಲೇಪದಲ್ಲಿ ಕಣ್ಣಿಗೆ ಕಾಣದ ರಂಧ್ರವಿದ್ದರೂ, ತುಕ್ಕು ಈಗಷ್ಟೇ ಮೊಳೆಯುತ್ತಿದ್ದರೂ ಅದು ಸಿಕ್ಕಿಬೀಳುತ್ತದೆ. ಬೆಳಕಿನ ಸೂಕ್ಷ್ಮದರ್ಶಕ ತೋರಿಸುವುದು ಆಕಾರವನ್ನು. ಇದು ತೋರಿಸುವುದು ಯಾವ ಜಾಗದಲ್ಲಿ ರಾಸಾಯನಿಕ ಕ್ರಿಯೆ ನಡೆದಿದೆ, ಎಲ್ಲಿ ನಡೆದಿಲ್ಲ ಎಂಬುದನ್ನು. ಅದೇ ಇದರ ಹೆಚ್ಚುಗಾರಿಕೆ.

ಅಮೆರಿಕದ ಆಸ್ಟಿನ್‌ನಲ್ಲಿದ್ದ ಅಲೆನ್ ಬಾರ್ಡ್ ಮತ್ತು ಅವರ ಸಂಗಡಿಗರು 1989ರಲ್ಲಿ ಈ ವಿಧಾನವನ್ನು ಲೋಕದ ಮುಂದಿಟ್ಟರು. ಬಾರ್ಡ್ 2024ರಲ್ಲಿ ತೀರಿಕೊಂಡರು. ಬ್ಯಾಟರಿ, ಇಂಧನಕೋಶ, ಜೀವಕೋಶಗಳ ಅಧ್ಯಯನಕ್ಕೂ ಈಗ ಇದು ಬೇಕಾಗಿದೆ.

ಸಂಗಮಕ್ಕೆ, ಮೇಕೆದಾಟಿಗೆ ಹೋಗುವವರು ಜಕ್ಕಸಂದ್ರದ ಇದೇ ಕನಕಪುರ ರಸ್ತೆಯಲ್ಲಿ ಸಾಗುತ್ತಾರೆ. ಜೊತೆಯಲ್ಲಿ ವಿಜ್ಞಾನ ಓದುವ ಮಕ್ಕಳಿದ್ದರೆ ದಾರಿಯಲ್ಲಿ ಈ ವಿಷಯ ಎತ್ತಿ. ರೇಷ್ಮೆ ಎಳೆ ಹಿಡಿದು ಬೆಳೆದ ರಾಮನಗರದ ಮಕ್ಕಳಿಗೆ 25 ಮೈಕ್ರಾನ್ ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ.