ಕೋಣನಕುಂಟೆಯ ಬಾಡಿಗೆ ಮನೆಯೂ ವೀಸಾದ ಕೊನೆಯ ದಿನವೂ

ಬನಶಂಕರಿ ದಾಟಿ ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟರೆ, ಯಲಚೇನಹಳ್ಳಿಯ ನಂತರ ಸಿಗುವುದೇ ಕೋಣನಕುಂಟೆ ಕ್ರಾಸ್. ಕುಂಟೆಯೆಂದರೆ ಚಿಕ್ಕ ಕೆರೆ. ಊರಿನ ಹೆಸರಿನಲ್ಲಿ ಕೋಣವೂ ಇದೆ, ನೀರೂ ಇದೆ. ಕ್ರಾಸಿನಲ್ಲಿ ಇಳಿದವರಿಗೆ ಮಾತ್ರ ಎರಡೂ ಕಾಣುವುದಿಲ್ಲ. ಕಾಣುವುದು ತಲೆಯ ಮೇಲೆ ಮೆಟ್ರೊ, ರಸ್ತೆಯ ಪಕ್ಕದಲ್ಲಿ ಮಾಲು, ಅದರಾಚೆಗೆ ಮುಗಿಲಿಗೆ ಏಣಿ ಹಾಕಿದಂತಹ ಅಪಾರ್ಟ್‌ಮೆಂಟುಗಳು. 2021ರ ಜನವರಿಯಲ್ಲಿ ಮೆಟ್ರೊ ಇಲ್ಲಿಯವರೆಗೆ ಬಂದ ಮೇಲಂತೂ ಹಳೆಯ ಹಳ್ಳಿ ನಗರದ ಹೊಟ್ಟೆಯೊಳಗೆ ಪೂರ್ತಿ ಸೇರಿಹೋಯಿತು.

ಆದರೂ ಕ್ರಾಸಿನಿಂದ ಒಳಕ್ಕೆ ತಿರುಗಿದರೆ ಊರು ಸ್ವಲ್ಪ ಉಳಿದಿದೆ. ಇಕ್ಕಟ್ಟಾದ ಬೀದಿಗಳು, ಗುಡಿ, ಮಾಲೀಕರು ಕೆಳಗಿದ್ದು ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಟ್ಟ ಮನೆಗಳು, ಗೇಟಿಗೆ ತೂಗುಹಾಕಿದ ‘ಟು-ಲೆಟ್’ ಫಲಕ. ಬಾಡಿಗೆಗೆ ಬರುವವರು ಹಾಸನ, ರಾಯಚೂರು, ಒಡಿಶಾ, ಅಸ್ಸಾಮಿನವರು. ಒಮ್ಮೊಮ್ಮೆ ಹೊರದೇಶದವರು. ಇದೇ ರಸ್ತೆಯಲ್ಲಿ ಮುಂದೆ ಉದಯಪುರದ ಬಳಿಯ ಆಶ್ರಮಕ್ಕೆ ವಿದೇಶೀಯರು ಬರುತ್ತಾರೆ; ಸುತ್ತಲಿನ ಕಾಲೇಜುಗಳಿಗೆ ಓದಲು ಬರುವವರೂ ಉಂಟು. ಮುಂಗಡ ಎಷ್ಟು, ನೀರು ಯಾವಾಗ ಬರುತ್ತದೆ, ಮಾಂಸಾಹಾರವೇ ಎಂದು ಕೇಳುವ ಮನೆ ಮಾಲೀಕರು ಅನೇಕರಿಗೆ ಇನ್ನೊಂದು ಕರ್ತವ್ಯ ಗೊತ್ತಿರುವುದಿಲ್ಲ. ವಿದೇಶೀಯರಿಗೆ ವಸತಿ ಕೊಟ್ಟವರು 24 ಗಂಟೆಗಳೊಳಗೆ ನಿಗದಿತ ನಮೂನೆಯನ್ನು ತುಂಬಿ ಅಧಿಕಾರಿಗಳಿಗೆ ತಿಳಿಸಬೇಕು. ಹೋಟೆಲಿನಂತೆಯೇ ಮಹಡಿ ಮನೆಗೂ ಈ ನಿಯಮ ಉಂಟು.

ಯಲಚೇನಹಳ್ಳಿಯ ಬಳಿ ಪಶ್ಚಿಮಕ್ಕೆ ಹೊರಳಿದರೆ ಕುಮಾರಸ್ವಾಮಿ ಬಡಾವಣೆ. ಅಲ್ಲಿನ ಒಂದು ಬಾಡಿಗೆ ಮನೆ 2017ರ ಮೇ ತಿಂಗಳಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಪಾಕಿಸ್ತಾನದ ಮೂವರನ್ನು, ಅವರೊಂದಿಗೆ ಕೇರಳದ ಒಬ್ಬ ಯುವಕನನ್ನು ಸಿಸಿಬಿ ಪೊಲೀಸರು ಬಂಧಿಸಿದರು. ಮೂವರಲ್ಲಿ ಒಬ್ಬಾಕೆ ಆ ಯುವಕನ ಹೆಂಡತಿ. ಕೊಲ್ಲಿ ದೇಶದಲ್ಲಿ ಪರಿಚಯ, ಅಲ್ಲಿಯೇ ಮದುವೆ, ಬಳಿಕ ನೇಪಾಳದ ದಾರಿಯಲ್ಲಿ ವೀಸಾ ಇಲ್ಲದೆ ಭಾರತ ಪ್ರವೇಶ. ಬೆಂಗಳೂರಿನಲ್ಲಿ ಮನೆ ಹಿಡಿದು, ಆಧಾರ್ ಕಾರ್ಡನ್ನೂ ಮಾಡಿಸಿಕೊಂಡಿದ್ದರು. ಬೇಹುಗಾರಿಕೆಯ ಗುಸುಗುಸು ಎದ್ದಿತು. ಶಿಕ್ಷೆಯಾದದ್ದು ದಾಖಲೆಯಿಲ್ಲದೆ ಬಂದು ನೆಲೆಸಿದ್ದಕ್ಕೆ.

ಬಂಧನವಾದಾಗ ಆಕೆ ಗರ್ಭಿಣಿ. ಮಗಳು ಹುಟ್ಟಿದ್ದು ಬಂಧನದ ದಿನಗಳಲ್ಲಿ. ಶಿಕ್ಷೆ ಮುಗಿದರೂ ಬಿಡುಗಡೆಯಾಗಲಿಲ್ಲ. ಗಡೀಪಾರು ಮಾಡಬೇಕಾದರೆ ಎದುರಿನ ದೇಶವು ‘ಈಕೆ ನಮ್ಮವಳು’ ಎಂದು ಒಪ್ಪಬೇಕಷ್ಟೆ! ಆ ಒಪ್ಪಿಗೆ ಬರಲು ಕಾಲ ಹಿಡಿಯಿತು. ಪಾಕಿಸ್ತಾನದ ಸೆನೆಟ್‌ನಲ್ಲಿ ಪ್ರಶ್ನೆ ಎದ್ದ ಮೇಲೆ ಪೌರತ್ವದ ದೃಢೀಕರಣ ಬಂದು, 2022ರ ಮಾರ್ಚಿನಲ್ಲಿ ತಾಯಿ ಮಗಳು ಅಟ್ಟಾರಿ-ವಾಘಾ ಗಡಿ ದಾಟಿದರು. ಮಗುವಿಗೆ ಆಗ ಸುಮಾರು ನಾಲ್ಕು ವರ್ಷ. ಅದು ತನ್ನದೆಂದು ಕರೆಯಬೇಕಾದ ನಾಡನ್ನು ಅದುವರೆಗೆ ಕಂಡೇ ಇರಲಿಲ್ಲ.

ಇದು ಕಳ್ಳದಾರಿಯಲ್ಲಿ ಬಂದವರ ಕಥೆ. ಸರಿಯಾದ ವೀಸಾದಲ್ಲಿ ಬಂದು, ಅವಧಿ ಮೀರಿ ಉಳಿದವರದು ಬೇರೆ ಎಂದು ಜನ ಭಾವಿಸುತ್ತಾರೆ. ಶಿಕ್ಷೆಯ ಪ್ರಮಾಣದಲ್ಲಿ ಬೇರೆ, ನಿಜ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಕಾಯಿದೆಯ ಪ್ರಕಾರ, ದಾಖಲೆಯಿಲ್ಲದೆ ಒಳಬಂದವರಿಗೆ 5 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ವೀಸಾ ಮೀರಿ ಉಳಿದವರಿಗೆ 3 ವರ್ಷ, 3 ಲಕ್ಷ. ಆದರೆ ಪೌರತ್ವ ಕಾಯಿದೆಯ ಕಣ್ಣಿಗೆ ಇಬ್ಬರೂ ಒಂದೇ. 2003ರ ತಿದ್ದುಪಡಿ ಇಬ್ಬರನ್ನೂ ‘ಅಕ್ರಮ ವಲಸಿಗ’ ಎಂಬ ಒಂದೇ ಮಾತಿನಲ್ಲಿ ಕಟ್ಟಿದೆ.

ತಾಳಿ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಸಿನಿಮಾದಿಂದ ಬಂದದ್ದಿರಬೇಕು. ಭಾರತೀಯರನ್ನು ಮದುವೆಯಾದವರು ಪೌರತ್ವಕ್ಕೆ ಅರ್ಜಿ ಹಾಕಬಹುದು, ಸರಿ. ಆದರೆ ಅದಕ್ಕೂ ಮುಂಚೆ 7 ವರ್ಷ ಇಲ್ಲಿ ವಾಸವಾಗಿರಬೇಕು, ಅಕ್ರಮ ವಲಸಿಗರಾಗಿರಕೂಡದು. ಮದುವೆ ಒಂದು ಅರ್ಹತೆಯನ್ನು ಕೊಡುತ್ತದೆಯೇ ಹೊರತು ಮುಗಿದ ವೀಸಾಕ್ಕೆ ಜೀವ ತುಂಬುವುದಿಲ್ಲ.

ಇನ್ನು ದಿನಗಳ ಲೆಕ್ಕ. ಇಲ್ಲಿನ ಹುಡುಗ, ಹೊರದೇಶದ ಹುಡುಗಿ, 30 ದಿನಗಳ ಪ್ರವಾಸಿ ವೀಸಾ ಎಂದಿಟ್ಟುಕೊಳ್ಳಿ. 1954ರ ವಿಶೇಷ ವಿವಾಹ ಕಾಯಿದೆಯಡಿ ಮದುವೆಯಾಗಬೇಕಾದರೆ ಮೊದಲು ನೋಟಿಸು ಕೊಡಬೇಕು. ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿದ್ದಿರಬೇಕು. ಹುಡುಗ ಇಲ್ಲಿಯವನೇ ಆದ್ದರಿಂದ ಆ ಷರತ್ತಿಗೆ ತೊಂದರೆಯಿಲ್ಲ. ಹುಡುಗಿ ವಿಮಾನದಿಂದಿಳಿದ ದಿನವೇ ನೋಟಿಸು ಕೊಟ್ಟರೂ ಗಡುವು ಮುಗಿಯುವ ಹೊತ್ತಿಗೆ ವೀಸಾವೂ ಮುಗಿದಿರುತ್ತದೆ. ನಾಲ್ಕನೆಯ ತರಗತಿಯ ಸಂಕಲನವೇ ಆದರೂ ಪ್ರೀತಿಯಲ್ಲಿ ಬಿದ್ದವರು ಅದನ್ನು ಮಾಡುವುದು ಅಪರೂಪ. ‘ಆಮೇಲೆ ನೋಡಿಕೊಳ್ಳೋಣ’ ಎಂದು ನಾಲ್ಕು ತಿಂಗಳು ಕಳೆದುಬಿಡುತ್ತದೆ. ಅಷ್ಟರ ಮೇಲೆ ಕಚೇರಿಗೆ ಹೋಗಲು ಭಯ. ಹೋಗದಿದ್ದಷ್ಟೂ ಅಪರಾಧ ಬೆಳೆಯುತ್ತದೆ.

ಹೋಗಬೇಕಾದ ಕಚೇರಿಯೇನು ದೂರದ್ದಲ್ಲ. ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿ ಶಾಂತಿನಗರ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಕೋಣನಕುಂಟೆ ಕ್ರಾಸಿನಲ್ಲಿ ಮೆಟ್ರೊ ಹತ್ತಿ, ಏಳನೆಯ ನಿಲ್ದಾಣವಾದ ಲಾಲ್‌ಬಾಗಿನಲ್ಲಿ ಇಳಿದು ಆಟೊ ಹಿಡಿದರಾಯಿತು. 2018ರಿಂದೀಚೆಗೆ ಅರ್ಜಿಯನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಹಾಕಬಹುದು. ವೀಸಾ ಇನ್ನೂ ಜೀವಂತವಿರುವಾಗ ಮದುವೆಯ ನೋಂದಣಿ ಪತ್ರದೊಂದಿಗೆ ಹೋದರೆ, ಅದನ್ನು ಭಾರತೀಯರ ಸಂಗಾತಿಗೆ ಸಲ್ಲುವ ‘ಎಕ್ಸ್’ ವೀಸಾವಾಗಿ ಬದಲಿಸಿಕೊಡುವಂತೆ ಕೇಳಬಹುದು. ಪೊಲೀಸರು ಬಂದು ಗಂಡ ಹೆಂಡಿರು ನಿಜಕ್ಕೂ ಒಂದೇ ಮನೆಯಲ್ಲಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಕೆಳಗಿನ ಮನೆಯ ಅಜ್ಜಿಯ ಸಾಕ್ಷ್ಯಕ್ಕೆ ಆಗ ಬೆಲೆ ಬರುತ್ತದೆ! ದಿನ ಮೀರಿದ ಮೇಲೆ ಹೋದವರಿಗೆ ದಂಡ ಮತ್ತು ನಿರ್ಗಮನದ ಪರವಾನಗಿ. ಕಪ್ಪುಪಟ್ಟಿಗೆ ಹೆಸರು ಸೇರಿದರೆ ಮರಳಿ ಬರುವುದೇ ಕಷ್ಟ. ಹೊರಹಾಕಬೇಕಾದವರನ್ನು ಅದುವರೆಗೆ ಇರಿಸಲು ನೆಲಮಂಗಲದ ಬಳಿ ಸೊಂಡೇಕೊಪ್ಪದಲ್ಲಿ ಒಂದು ಕೇಂದ್ರವೂ ಇದೆ. ಹಿಂದೆ ಅದು ಮಕ್ಕಳ ಹಾಸ್ಟೆಲಾಗಿತ್ತು.

ತಪ್ಪು ದೊಡ್ಡವರದು, ಅವರು ಅನುಭವಿಸಲಿ ಎನ್ನಬಹುದು. ಆದರೆ ಭಾರ ಬೀಳುವುದು ಮಗುವಿನ ಮೇಲೆ. 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದ್ದರೆ ಸಾಕು, ಮಗು ಭಾರತೀಯ. ಆಮೇಲೆ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಅದೂ ಸಾಲದು. ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಎಂದರೆ ತಂದೆ ಕೋಣನಕುಂಟೆಯಲ್ಲೇ ಹುಟ್ಟಿ ಬೆಳೆದು ಇಲ್ಲಿಯೇ ಮತ ಹಾಕುವವನಾಗಿದ್ದರೂ, ಹೆರಿಗೆಯ ದಿನ ತಾಯಿಯ ವೀಸಾ ಮುಗಿದಿದ್ದರೆ ಮಗು ಹುಟ್ಟಿನಿಂದ ಭಾರತೀಯ ಆಗುವುದಿಲ್ಲ. ದೇಶಕ್ಕೆ ಗಡಿ ಕಾಯುವ ಹಕ್ಕಿದೆ, ಸಂಶಯವಿಲ್ಲ. ಆದರೆ ತಾಯಿಯ ಪಾಸ್‌ಪೋರ್ಟಿನ ಮೊಹರನ್ನು ನೋಡಿ ಮಗುವಿನ ಊರನ್ನು ತೀರ್ಮಾನಿಸುವುದು ಕಠಿಣ ನ್ಯಾಯವೇ ಸರಿ.

ಒಂದು ಬಾಗಿಲು ಮಾತ್ರ ತೆರೆದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ‘ಪ್ರತಿಯೊಂದು ಮಗು’ ಎನ್ನುತ್ತದೆ. ಪ್ರತಿಯೊಬ್ಬ ಪ್ರಜೆ ಎನ್ನುವುದಿಲ್ಲ. ಅಂಥ ಮಗುವೊಂದು ಕೋಣನಕುಂಟೆಯ ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿರಬಹುದು. ಪಕ್ಕದಲ್ಲಿ ಕೂತವರಿಗೆ ಅದರ ಹೆಸರು, ಅದು ಡಬ್ಬಿಯಲ್ಲಿ ತರುವ ತಿಂಡಿ ಗೊತ್ತಿರುತ್ತದೆ. ತಾಯಿಯ ಕಾಗದಗಳ ಕಥೆ ಗೊತ್ತಿರುವುದಿಲ್ಲ.