ಅಯ್ಯನವರ ವರ್ಗ

ಮೆಥೋಡಿಸ್ಟರಲ್ಲಿ ಸಭಾಪಾಲಕರನ್ನು ಸಭೆಯವರು ಆರಿಸಿಕೊಳ್ಳುವುದಿಲ್ಲ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ಪರು ನೇಮಕಗಳ ಪಟ್ಟಿಯನ್ನು ಓದಿದರೆ ಅಲ್ಲಿಗೆ ತೀರಿತು. 18ನೆಯ ಶತಮಾನದಲ್ಲಿ ಜಾನ್ ವೆಸ್ಲಿ ತನ್ನ ಬೋಧಕರನ್ನು ಊರೂರು ತಿರುಗಿಸಿದ ಕಾಲದಿಂದ ಬಂದ ರೂಢಿಯಿದು.

ಸಿಂಧನೂರು ಸೀಮೆಯ ನಮ್ಮ ಹಳ್ಳಿಯ ಅಯ್ಯನವರಿಗೆ ಕಳೆದ ವರ್ಷ ಲಿಂಗಸುಗೂರು ಕಡೆಗೆ ವರ್ಗವಾಯಿತು. ದೂರವೇನಲ್ಲ, ಮಸ್ಕಿ ದಾಟಿದರೆ ಆಯಿತು. ಆದರೂ ನಮ್ಮವ್ವ ಎರಡು ಭಾನುವಾರ ಆರಾಧನೆಗೆ ಹೋಗಲಿಲ್ಲ. ನನ್ನ ಕಾಲೇಜಿನ ಅರ್ಜಿ ತುಂಬಿಸಿದವರು ಅವರೇ. ಅದನ್ನು ಬಲ್ಲ ಹಿರಿಯರು ನಮ್ಮ ಮನೆಯಲ್ಲಿರಲಿಲ್ಲ.

ಹೊಸಬರು ಕಿರಿಯ ವಯಸ್ಸಿನವರು. ತಮ್ಮ ಹಿಂದಿನ ಊರಿನ ವಾಡಿಕೆಯಂತೆ ಒಂಬತ್ತಕ್ಕೇ ಪ್ರಾರಂಭಿಸಿದರು. ಕಾಲುವೆಗೆ ನೀರು ಬಿಟ್ಟ ದಿನಗಳು, ನಾಟಿಗೆ ಭಾನುವಾರವೆಲ್ಲಿಯದು? ಹೆಂಗಸರು ಗದ್ದೆಯಿಂದ ಬರುವಷ್ಟರಲ್ಲಿ ಆಶೀರ್ವಾದ ಮುಗಿದಿತ್ತು. ಬಿಷಪ್ಪರಿಗೆ ಮನವಿ ಬರೆದುಕೊಡೆಂದು ಗಂಡಸರು ನನ್ನನ್ನು ಹಿಡಿದರು. ಬಿ.ಎ. ಓದುವವರಿಗೆ ಇದೊಂದು ಕಾಟ!

ಅವ್ವ ಬೇರೆಯದನ್ನೇ ಬರೆಸಿದಳು. ಯಾವ ಮುದುಕಿಗೆ ಕಣ್ಣು ಕಾಣದು, ಯಾರ ಮಗ ಬೆಂಗಳೂರಿಗೆ ದುಡಿಯಲು ಹೋದವನು ಕಾಗದ ಹಾಕಿಲ್ಲ, ಯಾರ ಮನೆಯಲ್ಲಿ ಚಹಾ ಬೇಡವೆನ್ನಬೇಕು, ಏಕೆಂದರೆ ಅಲ್ಲಿ ಸಕ್ಕರೆಯಿರುವುದಿಲ್ಲ. ಇದೆಲ್ಲ ಹಳೆಯ ಅಯ್ಯನವರ ತಲೆಯಲ್ಲಿತ್ತು. ಅವರೊಡನೆಯೇ ಬಸ್ಸು ಹತ್ತಿ ಹೋಗಿತ್ತು. ನಾಲ್ಕು ಹಾಳೆ ತುಂಬಿದವು.

ಹೊಸ ಅಯ್ಯನವರು ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಓದಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, “ಕಣ್ಣು ಕಾಣದ ಅಜ್ಜಿಯ ಮನೆ ಯಾವ ಓಣಿಯಲ್ಲಿ?” ಎಂದರು.